ಹಿನ್ನೀರಿನಾಚೆ ಕೋರ್ಟು ಕೂತ ಬೇಸಿಗೆ

ಹೈಕೋರ್ಟಿನಿಂದ ನಿವೃತ್ತರಾದ ನಮ್ಮ ಸಾಹೇಬರಿಗೆ ತೀರ್ಥಹಳ್ಳಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾಗಿ ಮೊನ್ನೆ ಹೊಸನಗರದಿಂದ ಬಸ್ಸು ಹತ್ತಿದೆ. ದಾರಿಯಲ್ಲಿ ಒಬ್ಬ ಹೆಂಗಸು ಹತ್ತಿ ಪಕ್ಕದಲ್ಲಿ ಕೂತಳು. ಅವಳ ಕೈಯಿಂದ ಒಂದು ವಾಸನೆ ಬಂತು. ಮಂಗನ ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ, ಕಾಡಿಗೆ ಹೋಗುವವರಿಗೆ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚದಿರಲಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಎಣ್ಣೆಯ ವಾಸನೆ ಅದು. ಕಿಟಕಿ ಸರಿಸಿ ಮುಖ ಹೊರಗಿಟ್ಟೆ.

"ಎಂತಾ ಅಣ್ಣ, ವಾಂತಿ ಬರುತ್ತಾ? ಈಚೆ ಕೂರ್ತೀರಾ?" ಎಂದಳು ಪಾಪ. ಇಲ್ಲಮ್ಮಾ ಎಂದೆ. ಹೆದರಿಕೆ ಎಂದು ಹೇಗೆ ಹೇಳುವುದು?

ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಾಹೇಬರು ವೇದಿಕೆಯ ಮೇಲೆ ಶಾಲು ಹೊದ್ದು, ತಲೆ ತಗ್ಗಿಸಿ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದ ಹುಡುಗ ಮುನ್ಸೀಫನಾಗಿ ಸೇರಿದ್ದು, ಊರಿಂದ ಊರಿಗೆ ವರ್ಗವಾಗುತ್ತ ಜಿಲ್ಲಾ ನ್ಯಾಯಾಧೀಶರಾದದ್ದು, ಕೊನೆಗೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ಬರೆದ ದೊಡ್ಡ ದೊಡ್ಡ ತೀರ್ಪುಗಳು, ಎಲ್ಲವನ್ನೂ ವಕೀಲರೊಬ್ಬರು ಬಹಳ ಚೆನ್ನಾಗಿ ಹೇಳಿದರು. ಸಾಗರದಲ್ಲಿ ಕೆಲವು ಕಾಲ ಇದ್ದರು ಎಂದು ಒಂದೇ ಮಾತಿನಲ್ಲಿ ದಾಟಿಸಿದರು. ನನಗೆ ಮುಂದಿನ ಭಾಷಣ ಯಾವುದೂ ಕಿವಿಗೆ ಬೀಳಲಿಲ್ಲ. ಆ ಒಂದು ಮಾತಿನೊಳಗೆ ನಾವು ಕಳೆದ ಬೇಸಿಗೆಯೊಂದಿತ್ತು.

ಆಗ ನಾನು ಸಾಗರದ ಸೆಷನ್ಸ್ ಕೋರ್ಟಿನಲ್ಲಿ ಟೈಪಿಸ್ಟ್. ಏಳನೇ ತರಗತಿಗೆ ಶಾಲೆ ಬಿಟ್ಟು ಹೊಸನಗರದ ಬೇಕರಿಯೊಂದರಲ್ಲಿ ವರ್ಷಗಟ್ಟಲೆ ಬನ್ನು ಬೇಯಿಸಿ, ಮದುವೆ ವಯಸ್ಸಿಗೆ ಬಂದ ಮೇಲೆ ಹತ್ತನೆಯ ಪರೀಕ್ಷೆ ಕಟ್ಟಿ ಪಾಸು ಮಾಡಿದವನು ನಾನು. ಟೈಪಿಂಗ್ ಕಲಿತದ್ದೂ ತಡವಾಗಿಯೇ. ನನ್ನ ಬೆರಳು ನಿಧಾನ. ಬೇರೆ ನ್ಯಾಯಾಧೀಶರು ಬೈಯುತ್ತಿದ್ದರು. ಈ ಸಾಹೇಬರು ಬಂದ ಮೊದಲ ವಾರ ನನ್ನನ್ನು ನೋಡಿ, "ಇರ್ಲಿ ಬಿಡಪಾ ಮಂಜಪ್ಪ. ನೀ ನಿಧಾನ ಬಡೀತಿ ಅಂದ್ರ ನಾನೂ ನಿಧಾನ ವಿಚಾರ ಮಾಡ್ತೀನಿ" ಎಂದಿದ್ದರು. ಅವರು ಬಯಲುಸೀಮೆಯವರು. ಕೋರ್ಟಿನಲ್ಲಿ ಪುಸ್ತಕದ ಕನ್ನಡ. ಮನಸ್ಸು ಕಲಕಿದರೆ ಮಾತ್ರ ಊರ ಕನ್ನಡ ತಾನಾಗಿ ಹೊರಗೆ ಬರುತ್ತಿತ್ತು. ಸಾಗರದಲ್ಲಿ ಯಾರ ಮನೆಯ ಮದುವೆಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಗಣಪತಿ ಕೆರೆಯ ದಂಡೆಯಲ್ಲಿ ಒಬ್ಬರೇ ನಡೆಯುತ್ತಿದ್ದರು. ತೀರ್ಪು ಓದಿ ಸಹಿ ಹಾಕಿದ ಮೇಲೆ ಆ ಕೇಸಿನ ಮಾತು ಎತ್ತುತ್ತಿರಲಿಲ್ಲ, ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆಯುತ್ತಲೇ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮೊದಲು ಪೇಪರಿನಲ್ಲಿ ಒಂದು ಮೂಲೆಯಲ್ಲಿ ಬಂತು. ಆಮೇಲೆ ಮನುಷ್ಯರ ಸುದ್ದಿ ಬರತೊಡಗಿತು. ಹಿನ್ನೀರಿನ ಆಚೆಯ ಊರುಗಳಿಂದ ಅಂಬ್ಯುಲೆನ್ಸು ವಾಹನ ಸಾಗಿಸುವ ಲಾಂಚಿನಲ್ಲಿ ದಾಟಿ ಬಂದು ಸಾಗರದ ಪೇಟೆ ಹಾದು ಮಣಿಪಾಲದ ಕಡೆ ಹೋದರೆ ಅಂಗಡಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಉಣುಗು ಕಚ್ಚಿದರೆ ಮಾತ್ರ ಎಂದು ಆರೋಗ್ಯ ಇಲಾಖೆಯವರು ಮೈಕಿನಲ್ಲಿ ಕೂಗಿಕೊಂಡು ಹೋದರು. ಯಾರು ನಂಬುತ್ತಾರೆ? ಆ ಕಡೆಯ ಬಸ್ಸಿನಿಂದ ಇಳಿದವರನ್ನು ಹೋಟೆಲಿನವರು ಹೊರಗಿನ ಬೆಂಚಿನಲ್ಲೇ ಕೂರಿಸಿ ಚಹ ಕೊಡುತ್ತಿದ್ದರು. ನಮ್ಮ ಕೋರ್ಟಿನಲ್ಲಿ ಹೆಸರು ಕೂಗುವ ಚಂದ್ರಪ್ಪ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಕೂಗತೊಡಗಿದ.

"ಮಾರಾಯ, ಉಣುಗು ಬಾಯಿಗೆ ಹಾರಿ ಬರಲ್ಲ, ಕಾಲಿಗೆ ಹತ್ತೋದು" ಎಂದರೆ, "ಕಾಲಿಗೆ ಹತ್ತಿದ್ದು ಬಾಯಿಗೆ ಬರಕ್ಕೆ ಎಷ್ಟೊತ್ತು ಬೇಕು? ನನ್ನ ಕಾಲು ಬಾಳ ಗಿಡ್ಡ" ಎನ್ನುತ್ತಿದ್ದ. ನಗುತ್ತಿದ್ದೆವು. ನಗು ಮುಗಿದ ಕೂಡಲೇ ಇಬ್ಬರೂ ಪ್ಯಾಂಟು ಎತ್ತಿ ಕಾಲು ನೋಡಿಕೊಳ್ಳುತ್ತಿದ್ದೆವು.

ಅಂಥ ದಿನಗಳಲ್ಲಿ ಕೇಶವ ಎಂಬ ಹುಡುಗನ ಮೇಲಿನ ಕೊಲೆ ಕೇಸು ವಿಚಾರಣೆಗೆ ಬಂತು. ಸತ್ತವನು ಗಣಪತಿ ಎಂಬ ಯುವಕ. ಇಬ್ಬರೂ ಹಿನ್ನೀರಿನ ಆಚೆಯ ಒಂದೇ ಊರಿನವರು, ಚಿಕ್ಕಂದಿನಿಂದ ಗೆಳೆಯರು. ಹಿಂದಿನ ವರ್ಷದ ಬೇಸಿಗೆಯಲ್ಲಿ ಕಾಡಿನ ದಾರಿಯ ಮೇಲೆ ಗಣಪತಿಯ ಹೆಣ ಸಿಕ್ಕಿತ್ತು, ತಲೆ ಒಡೆದಿತ್ತು. ಹೆಣವನ್ನು ಎಲ್ಲಿಂದಲೋ ಎಳೆದು ತಂದ ಗುರುತು ದರಗಿನ ಮೇಲೆ, ಅಂದರೆ ಒಣಗಿ ಬಿದ್ದ ಎಲೆಯ ಮೇಲೆ, ಇತ್ತು. ಅವತ್ತು ಇಬ್ಬರೂ ಜಗಳವಾಡಿದ್ದನ್ನು, ಕೇಶವ ಅವನ ಅಂಗಿ ಹಿಡಿದು "ಸಾಯಿ ಹಂಗಾರೆ!" ಎಂದು ಕೂಗಿದ್ದನ್ನು ಕೇಳಿದವರು ಇಬ್ಬರಿದ್ದರು. ಇಬ್ಬರೂ ಬಂದು ಹೇಳಿ ಹೋದರು. ಗಣಪತಿಯ ತಾಯಿ ದೇವಮ್ಮನೂ ಸಾಕ್ಷಿ ಹೇಳಿದಳು. ಅವಳು ಹೇಳಿದ್ದು ಇಷ್ಟೇ: "ನನ್ನ ಮಗ ಬೆಳಿಗ್ಗೆ ಹೋದ, ಹೆಣ ಆಗಿ ಬಂದ." ಹೇಳುವಾಗ ಕೇಶವನ ಕಡೆ ಒಮ್ಮೆಯೂ ನೋಡಲಿಲ್ಲ.

ಕೇಶವನೂ ಬಾಯಿ ಬಿಡುತ್ತಿರಲಿಲ್ಲ. "ನಾ ಹೊಡೀಲಿಲ್ಲ" ಎಂಬುದೊಂದೇ ಮಾತು. ಜಗಳ ಯಾಕೆ ಆಯಿತು ಎಂದು ಸಾಹೇಬರು ಕೇಳಿದರು, ಅವನ ವಕೀಲರೇ ಕೇಳಿದರು. ತಲೆ ಅಲ್ಲಾಡಿಸಿದ. ಮಾತು ಬಾಯಿಯ ತನಕ ಬಂದು ಹಿಂದೆ ಹೋಗುವುದು ನನಗೆ ಕಾಣುತ್ತಿತ್ತು. ಹೀಗೇ ನಡೆದರೆ ಅವನಿಗೆ ಜೀವಾವಧಿ ಎಂದು ಕೋರ್ಟಿನ ಕಂಬಕ್ಕೂ ಗೊತ್ತಿತ್ತು.

ಉಳಿದ ಒಬ್ಬ ಸಾಕ್ಷಿ ಬಂಗಾರಮ್ಮ. ಅವತ್ತು ಅವಳು ಕಾಡಿನಲ್ಲಿ ದರಗು ಗುಡಿಸುತ್ತಿದ್ದಳಂತೆ. ಮೂರು ಸಲ ಸಮನ್ಸ್ ಹೋದರೂ ಬರಲಿಲ್ಲ. ನಾಲ್ಕನೆಯ ಸಲ ಸರ್ಕಾರಿ ವಕೀಲರು ಎದ್ದು, ಸಾಕ್ಷಿಗೆ ಮಂಗನ ಕಾಯಿಲೆ ಬಂದಿದೆ, ಹಿನ್ನೀರಿನಾಚೆಯ ಆರೋಗ್ಯ ಕೇಂದ್ರದಲ್ಲಿ ಮಲಗಿದ್ದಾಳೆ, ಅವಳನ್ನು ಕೈಬಿಡುತ್ತೇವೆ ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. ಅಲ್ಲಿನ ಡಾಕ್ಟರಮ್ಮನಿಗೆ ಚೇಂಬರಿನಿಂದ ಫೋನು ಮಾಡಿಸಿದರು. ಡಾಕ್ಟರಮ್ಮ ಹೇಳಿದ್ದನ್ನು ನಾನೇ ಬರೆದುಕೊಂಡೆ. ಮೊದಲ ಜ್ವರ ಇಳಿದಿದೆ, ಮಾತಾಡುತ್ತಾಳೆ. ಈ ಕಾಯಿಲೆಯಲ್ಲಿ ಕೆಲವರಿಗೆ ಸ್ವಲ್ಪ ದಿನ ಬಿಟ್ಟು ಎರಡನೆಯ ಜ್ವರ ಬರುತ್ತದೆ, ಅದು ತಲೆಗೆ ಏರುತ್ತದೆ. ಬಂದರೆ ಏನೂ ಹೇಳುವುದಕ್ಕಾಗುವುದಿಲ್ಲ. ಆ ರಸ್ತೆಯಲ್ಲಿ ಸಾಗರಕ್ಕೆ ಕರೆತರುವ ಸ್ಥಿತಿಯಲ್ಲಿ ಅವಳಿಲ್ಲ.

ಸಾಹೇಬರು ಎರಡೂ ಕಡೆಯ ವಕೀಲರನ್ನು ಕರೆದರು. ಇಬ್ಬರೂ ಒಪ್ಪುವುದಾದರೆ ಸೆಷನ್ಸ್ ಕೋರ್ಟು ಬೇರೆ ಜಾಗದಲ್ಲಿ ಕೂತು ಸಾಕ್ಷಿ ಕೇಳಬಹುದು ಎಂಬುದು ಕಾನೂನಿನಲ್ಲೇ ಇದೆಯಂತೆ. ನಾನು ಅದುವರೆಗೆ ಕಂಡಿರಲಿಲ್ಲ. ಸರ್ಕಾರಿ ವಕೀಲರು, "ಸಾರ್, ಅಲ್ಲಿ ಕಾಯಿಲೆ ಸಾರ್, ನಮಗೂ ಹೆಂಡ್ತಿ ಮಕ್ಕಳಿದಾರೆ" ಎಂದರು. ಸಾಹೇಬರು, "ನನಗೂ ಇದ್ದಾರೆ" ಎಂದರು. ಅಷ್ಟೇ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. ನಮ್ಮ ಮಗಳಿಗೆ ಆಗಿನ್ನೂ ಹಲ್ಲು ಬರುತ್ತಿದ್ದ ಕಾಲ. "ಸಾಹೇಬ್ರಿಗೆ ಬೇರೆ ಟೈಪಿಸ್ಟ್ ಸಿಗ್ಲಿಲ್ವಾ? ಬೇಗ ಬಡಿಯೋರು ಇದ್ರಲ್ಲ. ರಜ ಹಾಕಿ" ಎಂದಳು. ಹಾಕಬಹುದಿತ್ತು. ಆದರೆ ಸಾಹೇಬರೇ ಹೊರಟಿರುವಾಗ ನಾನು ಹೇಗೆ ರಜೆ ಕೇಳಲಿ?

ಹೊರಟ ದಿನ ಬೆಳಿಗ್ಗೆ ಕೋರ್ಟಿನ ಅಂಗಳದಲ್ಲೇ ಎಲ್ಲರಿಗೂ ಆ ಎಣ್ಣೆ ಕೊಟ್ಟರು. ಕಪ್ಪು ಕೋಟಿನ ವಕೀಲರು ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಕುತ್ತಿಗೆಗೆ ಎಣ್ಣೆ ತಿಕ್ಕಿಕೊಂಡು ಜೀಪು ಹತ್ತಿದರು. ಸಾಹೇಬರು ಕೈ, ಕುತ್ತಿಗೆ, ಕಿವಿಯ ಹಿಂದೆ, ಎಲ್ಲಾ ಹಚ್ಚಿಕೊಂಡರು. ಮುಗಿಸಿ, ಹಚ್ಚಿದ ಕಡೆಗೇ ಇನ್ನೊಮ್ಮೆ ಹಚ್ಚಿಕೊಂಡರು. ನಾನು ಬೇರೆ ಕಡೆ ನೋಡಿದೆ. ಚಂದ್ರಪ್ಪ ಮಾತ್ರ ಮೀಸೆಗೂ ಹಚ್ಚಿಕೊಂಡ.

ಆಗ ಸೇತುವೆ ಇರಲಿಲ್ಲ, ಲಾಂಚೊಂದೇ. ನಮ್ಮ ಜೀಪು, ಕೇಶವನನ್ನು ಕರೆತಂದ ಪೊಲೀಸ್ ವ್ಯಾನು, ಸಿಗಂದೂರಿಗೆ ಹೋಗುವ ಭಕ್ತರ ಒಂದೆರಡು ಕಾರು. ನೀರು ಬಹಳ ಇಳಿದಿತ್ತು. ಮುಳುಗಡೆಯಾದ ಹಳೆಯ ಮರಗಳ ಬೊಡ್ಡೆಗಳು ಕರ್ರಗೆ ನೀರಿನಿಂದ ತಲೆ ಹೊರಗೆ ಹಾಕಿ ನಿಂತಿದ್ದವು. ವ್ಯಾನಿನ ಜಾಲರಿಯ ಹಿಂದೆ ಕೇಶವ ತನ್ನ ಊರಿನ ದಂಡೆ ಹತ್ತಿರವಾಗುವುದನ್ನು ನೋಡುತ್ತ ಕೂತಿದ್ದ. ಮುಖದಲ್ಲಿ ಊರಿಗೆ ಬರುವವನ ಸಂತೋಷ ಒಂದಿಷ್ಟೂ ಇರಲಿಲ್ಲ.

ಆರೋಗ್ಯ ಕೇಂದ್ರದ ಬೇಲಿಯಾಚೆ ಊರೇ ಸೇರಿತ್ತು. ಗಲಾಟೆ ಇರಲಿಲ್ಲ, ಅದೇ ಹೆದರಿಕೆ ಹುಟ್ಟಿಸುತ್ತಿತ್ತು. ಆ ಊರಿನಲ್ಲಿ ಅದಾಗಲೇ ಜ್ವರದಿಂದ ಸಾವಾಗಿತ್ತು. ಚಹದಂಗಡಿಯವನೊಬ್ಬ ಚಂದ್ರಪ್ಪನ ಹತ್ತಿರ ಪಿಸುಗುಟ್ಟಿದ: "ಡಾಕ್ಟ್ರು ಉಣುಗು ಅಂತಾರೆ. ಉಣುಗು ಯಾವ ಕಾಲದಲ್ಲಿ ಇರ್ಲಿಲ್ಲ ಹೇಳಾ? ಇದು ಚೌಡಿ ಸಿಟ್ಟು ಮಾರಾಯ. ಯಾರೋ ಬನದಲ್ಲಿ ಮೈಲಿಗೆ ಮಾಡಿದಾರೆ. ಯಾರು ಅಂತ ಗೊತ್ತಾದ್ರೆ ಅವರ ಮನೆ ಉಳಿಯಲ್ಲ." ಚೌಡಿ ಎಂದರೆ ಆ ಕಡೆಯ ದೇವಿ ಚೌಡಮ್ಮ, ಊರಿನ ಹೊರಗಿರುವ ಅವಳ ದೇವರಕಾಡಿಗೆ ಅವರು ಚೌಡಿ ಬನ ಎನ್ನುತ್ತಾರೆ. ಅಲ್ಲಿ ಒಂದು ಕಡ್ಡಿ ಮುರಿಯುವ ಹಾಗಿಲ್ಲ, ಮರ ಹತ್ತುವ ಮಾತೇ ಇಲ್ಲ.

ವಾರ್ಡಿನ ಒಳಗೆ ಡಾಕ್ಟರಮ್ಮನ ಮೇಜು ಸಾಹೇಬರದಾಯಿತು. ನಾನು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಬಂಗಾರಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಡದ ಹಾಗೆ ಕೆಂಪು. ಚಂದ್ರಪ್ಪ ರೂಢಿಯಂತೆ ಬಾಗಿಲಿಗೆ ಹೋಗಿ ಹೊರಗೆ ಮುಖ ಮಾಡಿ, "ಬಂಗಾರಮ್ಮಾ ಹಾಜರ್..." ಎಂದು ಎಳೆದು ಕೂಗಿದ.

ಬಂಗಾರಮ್ಮನ ಸೊಸೆ ಬೆಂಕಿಯಾದಳು. "ಬಾಯಿ ಮುಚ್ಚಾ! ಜ್ವರ ಬಿದ್ದೋರ ಹೆಸರು ಹೊರಗೆ ನಿಂತು ಕೂಗ್ತಾರಾ? ಯಾರು ಓಗೊಡಬೇಕು ಅಂತ ಕೂಗ್ತಿದೀಯಾ?"

ಚಂದ್ರಪ್ಪನ ಎರಡನೆಯ ಕೂಗು ಗಂಟಲಲ್ಲೇ ನಿಂತಿತು. ಅವನು ಸಾಹೇಬರ ಮುಖ ನೋಡಿದ. ಮೂರು ಸಲ ಕೂಗದೆ ಕೋರ್ಟು ಶುರುವಾದದ್ದನ್ನು ಅವನೂ ನಾನೂ ನೋಡಿರಲಿಲ್ಲ. ಸಾಹೇಬರು ಎದ್ದು ಕುರ್ಚಿಯನ್ನು ತಾವೇ ಎತ್ತಿ ಮಂಚದ ಪಕ್ಕ ಇಟ್ಟುಕೊಂಡು ಕೂತರು. "ಕೂಗೂದು ಬ್ಯಾಡ. ನಾವ ಬಂದೀವಿ" ಎಂದರು.

ಪ್ರಮಾಣ ಮಾಡಿಸಬೇಕು. ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆ ಎಂದು ಹೇಳಮ್ಮಾ ಎಂದರೆ ಅವಳು ಬಾಯಿ ಬಿಗಿದಳು. ದೇವರ ಹೆಸರು ಬೇಡವಾದರೆ ಸತ್ಯ ಹೇಳುತ್ತೇನೆ ಎಂದಷ್ಟೇ ಸಾಕು ಎಂದರು. ಅದಕ್ಕೂ ಇಲ್ಲ. ಕೇಶವ ಮೂಲೆಯಲ್ಲಿ ಇಬ್ಬರು ಪೊಲೀಸರ ನಡುವೆ ನೆಲ ನೋಡುತ್ತ ನಿಂತಿದ್ದ. ಕೊನೆಗೆ ಬಂಗಾರಮ್ಮ ಹೇಳಿದಳು:

"ಆಣೆ ಐತೆ ಸ್ವಾಮಿ. ನನ್ ಕೈಲಿ ಚೌಡಮ್ಮನ ಆಣೆ ಹಾಕಿಸ್ಕೊಂಡಿದಾರೆ. ಹೇಳಾಕಾಗಲ್ಲ."

ಕಿಟಕಿಯಾಚೆ ಜನ ಇನ್ನೂ ಹತ್ತಿರ ಬಂದರು. ಸಾಹೇಬರು ಕೂಡಲೇ ಕೇಸಿಗೆ ಸಂಬಂಧವಿಲ್ಲದವರೆಲ್ಲ ಬೇಲಿಯ ಆಚೆ ಹೋಗಬೇಕು ಎಂದು ಆದೇಶ ಮಾಡಿದರು. ಕಿಟಕಿ ಮುಚ್ಚಿಸಿದರು. ಒಳಗೆ ಸೆಕೆ, ಎಣ್ಣೆಯ ವಾಸನೆ.

"ಯಾರು ಹಾಕಿಸಿಕೊಂಡರು?" ಎಂದು ಸಾಹೇಬರು ಕೇಳಿದರು.

"ದೇವಮ್ಮ. ಅವಳೇ ಬಿಡಿಸ್ಬೇಕು. ಹಾಕಿದೋರೇ ಬಿಡಿಸ್ಬೇಕು ಅಲ್ದಾ? ಬಿಡಿಸ್ದೆ ಹೇಳಿದ್ರೆ ನಾ ಉಳಿತೀನಾ? ಈಗ್ಲೇ ಅರ್ಧ ಹೋಗಿದೀನಿ."

ಸತ್ತವನ ತಾಯಿಯೇ ಸಾಕ್ಷಿಯ ಬಾಯಿ ಕಟ್ಟಿದ್ದಾಳೆ ಎಂದು ತಿಳಿದು ಸರ್ಕಾರಿ ವಕೀಲರ ಮುಖವೇ ಬಿಳಿಚಿಕೊಂಡಿತು. ಸಾಹೇಬರು ಎರಡೂ ಕಡೆಯವರ ಒಪ್ಪಿಗೆ ಕೇಳಿ, ದೇವಮ್ಮನನ್ನು ಕರೆಸಿದರು. ಅವಳು ಬೇಲಿಯ ಹತ್ತಿರವೇ ಇದ್ದಳು. ಊರಿನವರೆಲ್ಲ ನೋಡುತ್ತಿರುವಂತೆ ಚಂದ್ರಪ್ಪನ ಹಿಂದೆ ನಡೆದು ಬಂದಳು. ಸೆರಗು ಬಿಗಿಯಾಗಿ ಹೊದ್ದು ಬಾಗಿಲ ಬಳಿ ನಿಂತಳು.

ಸಾಹೇಬರು ಏನು ಹೇಳುತ್ತಾರೋ ಎಂದು ನಾನು ಬೆರಳು ಎತ್ತಿಟ್ಟುಕೊಂಡು ಕಾದೆ. ಗದರಿಸಬಹುದಿತ್ತು. ಜೈಲಿಗೆ ಹಾಕುತ್ತೇನೆ ಎನ್ನಬಹುದಿತ್ತು. ಅವರು ನನ್ನ ಕಡೆ ನೋಡಿ, ಇದನ್ನು ಟೈಪ್ ಮಾಡಬೇಡ ಎಂದು ಕೈ ಸನ್ನೆ ಮಾಡಿದರು. ಆಮೇಲೆ ಅವರ ಊರ ಕನ್ನಡ ಬಂತು.

"ಯವ್ವಾ, ಈಕಿ ಮಾತಾಡಾಕ ನಿಮ್ಮ ಅಪ್ಪಣಿ ಬೇಕಂತ. ಕೊಡ್ರಿ ಅಂತ ನಾ ಹೇಳಂಗಿಲ್ಲ. ಹೇಳಿದ್ರ ನಿಮ್ಮ ಮನಿಗಿ ಏನಾಕ್ಕೈತಿ ಅದು ನಂಗ ಗೊತ್ತಿಲ್ಲ, ಅದಕ್ಕ ನಂಗ ಅಂಜಿಕಿ ಐತಿ. ಹೇಳಲಿಲ್ಲಂದ್ರ ಈ ಹುಡುಗಗ ಏನಾಕ್ಕೈತಿ, ಅದು ಗೊತ್ತೈತಿ. ಅದನ್ನ ಬರಿಯಾಂವ ನಾನ."

ದೇವಮ್ಮ ಮೊದಲ ಸಲ ಕೇಶವನ ಮುಖ ನೋಡಿದಳು. ಜೈಲಿನಲ್ಲಿ ಅವನು ಬಹಳ ಇಳಿದಿದ್ದ. ಅಂಗಿ ಮೈಮೇಲೆ ನೇತಾಡುತ್ತಿತ್ತು.

"ಯಾಕಾ ಹೇಳ್ಲಿಲ್ಲ ನೀನು? ನಿಂಗೆ ಗೊತ್ತಿತ್ತಲ್ದಾ?" ಎಂದಳು. ದನಿ ಸಿಟ್ಟಿನದೋ ಅಳುವಿನದೋ ತಿಳಿಯಲಿಲ್ಲ.

ಕೇಶವ ತಲೆ ಎತ್ತದೆ ಹೇಳಿದ: "ಹೆಂಗೆ ಹೇಳ್ಲಿ ಅತ್ತೆ? ನೀವು ಊರಲ್ಲಿ ಇರಬೇಕಲ್ಲ."

ದೇವಮ್ಮ ಬಾಗಿಲ ಹಿಂದೆ ಒರಗಿಸಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದಳು. ಮಂಚದ ಹತ್ತಿರ ಬಂದಳು. ಕಡ್ಡಿಯ ಒಂದು ತುದಿಯನ್ನು ಬಂಗಾರಮ್ಮನ ಬೆರಳಿಗೆ ಕೊಟ್ಟು, ಇನ್ನೊಂದು ತಾನು ಹಿಡಿದು, ನಡುವೆ ಮುರಿದಳು. "ಆಣೆ ಬಿಟ್ಟೆ ಬಂಗಾರಕ್ಕ. ನಿನ್ನ ಮೇಲಿಲ್ಲ. ಇದ್ರೆ ನನ್ ಮೇಲೆ ಬರ್ಲಿ" ಎಂದು ಅಲ್ಲೇ ನೆಲದ ಮೇಲೆ ಕೂತಳು.

ಬಂಗಾರಮ್ಮ ಪ್ರಮಾಣ ಮಾಡಿ ಹೇಳತೊಡಗಿದಳು. ನಾನು ಬಡಿಯತೊಡಗಿದೆ. ನನ್ನ ಬೆರಳು ಎಷ್ಟು ನಿಧಾನವೋ ಅವಳ ಮಾತೂ ಅಷ್ಟೇ ನಿಧಾನ.

"ದರಗು ಗುಡಿಸ್ತಿದ್ದೆ ಸ್ವಾಮಿ. ಇವರಿಬ್ರೂ ಕೂಗಾಡ್ತಿದ್ರು. ಬನದ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಗಣಪತಿ ಅದನ್ನ ಕೀಳ್ತೀನಿ ಅಂದ. ಚೌಡಿ ಜೇನಿಗೆ ಕೈ ಹಾಕ್ಬೇಡ್ವಾ ಅಂತ ಕೇಶವ ಅಂಗಿ ಹಿಡಿದು ಎಳೆದ. ಅವ ಕೇಳಬೇಕಲ್ಲ. ಸಾಯಿ ಹಂಗಾರೆ ಅಂತ ಇವ ಸಿಟ್ಟು ಮಾಡ್ಕೊಂಡು ಹೋದ, ದಾರಿ ಹಿಡಿದು ಹೋಗಿದ್ದು ನಾ ನೋಡಿದೀನಿ. ಆಮೇಲೆ ಗಣಪತಿ ಹತ್ತಿದ. ಜೇನು ಮುಟ್ಟೋ ಮೊದ್ಲೇ ಕೊಂಬೆ ಮುರೀತು. ಕೆಳಗೆ ಕಲ್ಲು." ಅವಳು ಉಸಿರು ತೆಗೆದುಕೊಂಡಳು. "ನಾ ಓಡಿ ಹೋಗಿ ಇವಳನ್ನ ಕರ್ಕೊಂಡು ಬಂದೆ. ಬರೋದ್ರೊಳಗೆ ಹೋಗಿತ್ತು ಜೀವ. ಬನದಲ್ಲಿ ಸತ್ತ ಅಂತಾದ್ರೆ ಊರಿನವರು ಇವಳ ಮನೇಲಿ ನೀರು ಮುಟ್ತಾರಾ? ಮಗಳಿದಾಳೆ, ಯಾರು ಮದುವೆ ಆಗ್ತಾರೆ? ಇಬ್ರೂ ಸೇರಿ ಎಳ್ಕೊಂಡು ಬಂದು ದಾರಿ ಮೇಲೆ ಹಾಕಿದ್ವಿ. ಬಿದ್ದು ಸತ್ತ ಅಂತಾರೆ, ಅಷ್ಟೇ ಅಂತ ಮಾಡಿದ್ವಿ. ಪೊಲೀಸ್ರು ಈ ಹುಡುಗನ್ನ ಹಿಡೀತಾರೆ ಅಂತ ಯಾರಿಗೆ ಗೊತ್ತಿತ್ತು?"

ಸರ್ಕಾರಿ ವಕೀಲರು, ಹಾಗಾದರೆ ಈ ದೇವಮ್ಮ ಕೋರ್ಟಿಗೆ ಸುಳ್ಳು ಹೇಳಿದ ಹಾಗಾಯಿತಲ್ಲ ಎಂದರು. "ಅದನ್ನ ನೋಡೂದು ಬಿಡೂದು ನನ್ನ ಕೆಲಸ. ಪ್ರಶ್ನೆ ಇದ್ದರೆ ಈ ಸಾಕ್ಷೀನ ಕೇಳಿ" ಎಂದರು ಸಾಹೇಬರು. ವಕೀಲರು ಕೇಳಿದರು. ಅವಳ ಒಂದು ಮಾತೂ ಅಲ್ಲಾಡಲಿಲ್ಲ. ನಾನು ಓದಿ ಹೇಳಿದೆ, ಬಂಗಾರಮ್ಮ ಹೆಬ್ಬೆಟ್ಟು ಒತ್ತಿದಳು. ಬೆರಳು ಇನ್ನೂ ಬಿಸಿಯಾಗಿತ್ತು.

ಮುಚ್ಚಿದ ಕಿಟಕಿಯ ಆಚೆ ಯಾರು ಕಿವಿಯಿಟ್ಟಿದ್ದರೋ. ನಾವು ಹೊರಗೆ ಬರುವಷ್ಟರಲ್ಲಿ ಬೇಲಿಯ ಹತ್ತಿರದ ಮುಖಗಳೆಲ್ಲ ಬದಲಾಗಿದ್ದವು. ದೇವಮ್ಮ ಹೊರಗೆ ಬಂದಾಗ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಯಾರೂ ಬೈಯಲಿಲ್ಲ. ಅಷ್ಟು ಅಗಲದ ದಾರಿಯಲ್ಲಿ ಅವಳೊಬ್ಬಳೇ ನಡೆದು ಹೋದಳು.

ಲಾಂಚಿನಲ್ಲಿ ಹಿಂದಿರುಗುವಾಗ ಸಾಹೇಬರು ಕಂಬಿ ಹಿಡಿದು ನಿಂತಿದ್ದರು. ಸುತ್ತ ಯಾರೂ ಇರಲಿಲ್ಲ. "ಮಂಜಪ್ಪ, ಆ ದೇವಮ್ಮನ ಮುಖ ನೋಡ್ದೇನು? ಒಂದು ಮನಿ ಉಳಸಾಕ ಹೋಗಿ ಇನ್ನೊಂದು ಮನಿಗಿ ಬೆಂಕಿ ಹಚ್ಚಿ ಬಂದ್ನೇನು ಅಂತ ಅಂಜಿಕಿ ಬರಾಕತ್ತೈತಿ" ಎಂದರು.

ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಬಟ್ಟೆ ಬಿಚ್ಚಿದಾಗ ಮೊಣಕಾಲಿನ ಹಿಂದೆ ಎಳ್ಳಿನಷ್ಟು ಉಣುಗು ಕಚ್ಚಿಕೊಂಡಿತ್ತು. ಹೆಂಡತಿಗೆ ಹೇಳಲಿಲ್ಲ. ದಿನಾ ಬೆಳಿಗ್ಗೆ ಎದ್ದು ಹಣೆ ಮುಟ್ಟಿಕೊಳ್ಳುವುದು, ಮಗಳನ್ನು ಎತ್ತಿಕೊಳ್ಳದೆ ದೂರ ಇರುವುದು. ಮಗು ಕೈ ಚಾಚಿ ಅಳುತ್ತಿತ್ತು. ಒಂದು ವಾರದ ಮೇಲೆ ನಿಜವಾಗಿಯೂ ಜ್ವರ ಬಂತು. ಮೈಕೈ ನೋವು, ಕಣ್ಣು ಕೆಂಪು. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಆ ಚೌಡಮ್ಮನಿಗೇ ಹರಕೆ ಹೊತ್ತೆ, ಬೇರೆ ಯಾರ ಹೆಸರೂ ಆಗ ಬಾಯಿಗೆ ಬರಲಿಲ್ಲ. ಮಂಗನ ಕಾಯಿಲೆ ಅಲ್ಲ, ಬರೀ ಜ್ವರ ಎಂದು ವರದಿ ಬಂದಾಗ ನನ್ನ ಹೆಂಡತಿ ನನ್ನ ಬೆನ್ನಿಗೊಂದು ಗುದ್ದಿದಳು. "ಉಣುಗು ಕಚ್ಚಿದ್ದು ಮುಚ್ಚಿಟ್ಕೊಂಡಿದ್ರಲ್ಲ, ಬದುಕಿದ್ದೀರಿ ಅಂತ ಬಿಟ್ಟಿದೀನಿ" ಎಂದಳು.

ನಾನು ಕೆಲಸಕ್ಕೆ ಮರಳಿದ ದಿನವೇ ಸುದ್ದಿ ಕಾದಿತ್ತು. ಬಂಗಾರಮ್ಮನಿಗೆ ಎರಡನೆಯ ಜ್ವರ ಬಂದಿತ್ತು. ಮಣಿಪಾಲದ ದಾರಿಯಲ್ಲೇ ತೀರಿಕೊಂಡಿದ್ದಳು.

ಸಾಹೇಬರು ಅವತ್ತು ಪೀಠಕ್ಕೆ ತಡವಾಗಿ ಬಂದರು. ಮಧ್ಯಾಹ್ನ ಚೇಂಬರಿಗೆ ಕರೆದು, ಕೂತುಕೋ ಎಂದೂ ಹೇಳದೆ, "ನಾವು ಹೋಗದಿದ್ರ ಆಕಿ ಇನ್ನೊಂದಿಷ್ಟು ದಿನ ಇರ್ತಿದ್ಲೇನು?" ಎಂದು ಕೇಳಿದರು. 

"ಡಾಕ್ಟ್ರು ಮೊದಲೇ ಹೇಳಿದ್ರಲ್ಲ ಸರ್, ಎರಡನೇ ಜ್ವರ..." ಎಂದೆ.

"ಡಾಕ್ಟರ್ ಹೇಳಿದ್ದು ನಂಗೂ ಗೊತ್ತು. ಆ ಊರು ಏನಂತೈತಿ ಅದನ್ನ ಹೇಳು."

ಆ ಊರು ಏನನ್ನುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಆಣೆ ಮುರಿದವಳನ್ನು ಚೌಡಿ ತೆಗೆದುಕೊಂಡಳು, ಮುರಿಸಿದವಳು ಇನ್ನೂ ಇದ್ದಾಳೆ.

ತೀರ್ಪನ್ನು ನಾನೇ ಟೈಪ್ ಮಾಡಿದೆ. ಅವರು ಹೇಳುವಾಗ ಎಷ್ಟೋ ಸಲ ನಿಲ್ಲಿಸಿದರು. ಸಾಕ್ಷಿಯ ಮಾತನ್ನು ಯಾಕೆ ನಂಬಬೇಕು ಎಂದು ಒಂದೊಂದಾಗಿ ಬರೆಸಿದರು. ಎಳೆದ ಗುರುತಿಗೆ ಕಾರಣ ಬರೆಸಿದರು. "ಚೌಡಿ ಬನ" ಎಂದು ನಾನು ಬಡಿದಿದ್ದನ್ನು ತೆಗೆಸಿ "ಕಾಡಿನ ಮರ" ಎಂದು ಮಾಡಿಸಿದರು. "ನ್ಯಾಯಕ್ಕ ಅಷ್ಟ ಸಾಕು" ಎಂದರು. ದೇವಮ್ಮನ ಮೇಲೆ ಕ್ರಮ ಬೇಡ ಎಂದು ಕೊನೆಯಲ್ಲಿ ಬರೆಸಿದರು. ಕೇಶವ ಬಿಡುಗಡೆಯಾದ. ತೀರ್ಪು ಕೇಳಿ ಅವನು ಕಟಕಟೆಯ ಕಂಬಿ ಬಿಡಲೇ ಇಲ್ಲ. ಪೊಲೀಸನೇ ಬೆರಳು ಬಿಡಿಸಿದ.

ಆಗಲೇ ಸಾಹೇಬರ ವರ್ಗಾವಣೆಯ ಆದೇಶವೂ ಬಂದಿತ್ತು. ಹರಕೆ ತೀರಿಸಲು ಭಾನುವಾರ ಸಿಗಂದೂರಿನ ಚೌಡಮ್ಮನ ಗುಡಿಗೆ ಹೋಗುತ್ತೇನೆ ಎಂದು ಮಾತಿಗೆ ಹೇಳಿದೆ. ಅವರು ಕಡತ ಕಟ್ಟುತ್ತಿದ್ದವರು ನಿಲ್ಲಿಸಿದರು. "ಆ ದಂಡಿಗಿ ಹೋದಾಗ ಆ ಮುದುಕಿ ಹೆಂಗದಾಳ ನೋಡ್ಕೊಂಡು ಬಾ. ಮಾತಾಡಸಬ್ಯಾಡ. ನೋಡು, ಸಾಕು" ಎಂದರು. ತೀರ್ಪು ಓದಿದ ಮೇಲೆ ಅವರು ಒಂದು ಕೇಸಿನ ಮಾತು ಎತ್ತಿದ್ದು ನಾನು ಕಂಡಂತೆ ಅದೊಂದೇ ಸಲ.

ಹುಡುಕುವ ಕೆಲಸವೇ ಬೀಳಲಿಲ್ಲ. ದೇವಮ್ಮ ಲಾಂಚಿನಲ್ಲೇ ಇದ್ದಳು. ಸಾಗರದ ಸಂತೆಯಿಂದಲೋ ಏನೋ, ಮಡಿಲಲ್ಲಿ ಒಂದು ಚೀಲ ಇಟ್ಟುಕೊಂಡು ಕಬ್ಬಿಣದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಲಾಂಚು ತುಂಬ ಜನ, ನಿಲ್ಲಲು ಜಾಗವಿಲ್ಲ. ಅವಳ ಬೆಂಚಿನಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ಹೊರಗಿನ ಊರಿನ ಭಕ್ತನೊಬ್ಬ ಕೂರಲು ಹೋದ. ಆ ಊರಿನ ಒಬ್ಬ ಅವನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದ. ಅವನೂ ಹಿಂದೆ ಸರಿದ. ನನ್ನ ಕಾಲೂ ಮುಂದೆ ಹೋಗಲಿಲ್ಲ. ಮಾತಾಡಿಸಬೇಡ ಎಂದಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಲಾಂಚು ಬಿಡುವ ಹೊತ್ತಿಗೆ ದಂಡೆಯಿಂದ ಒಬ್ಬ ಓಡಿ ಬಂದು ಹತ್ತಿದ. ಕೇಶವ. ಶಿವಮೊಗ್ಗದ ಜೈಲಿನಿಂದ ಬಿಟ್ಟು ಊರಿಗೆ ಹೊರಟಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಜನ ಅವನನ್ನು ನೋಡಿದರು, ಅವಳನ್ನು ನೋಡಿದರು. ಒಂದು ವರ್ಷ ಜೈಲಿನಲ್ಲಿ ಕೊಳೆಸಿದವಳು ಎದುರಿಗೆ ಸಿಕ್ಕಿದ್ದಾಳೆ, ಸುತ್ತ ನೀರು, ಇವನು ಏನು ಮಾಡುತ್ತಾನೋ ಎಂದು ಹೆದರಿದೆ. ದೇವಮ್ಮ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

ಕೇಶವ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅದೇ ಬೆಂಚಿನಲ್ಲಿ, ಅವಳ ಪಕ್ಕ ಕೂತ. ಆಮೇಲೆ ಅವನು ಇಡೀ ಲಾಂಚಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದ.

"ಅತ್ತೆ, ಕುಡಿಯಾಕೆ ನೀರಿದ್ಯಾ?"

ದೇವಮ್ಮ ಅವನ ಮುಖ ನೋಡಿದಳು. ಚೀಲದಿಂದ ಮನೆಯ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಲು ಅವಳಿಗಾಗಲಿಲ್ಲ. ಅವನೇ ತಿರುಗಿಸಿ, ತಲೆ ಹಿಂದಕ್ಕೆ ಹಾಕಿ, ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದ. ಗಡ್ಡದಿಂದ ನೀರು ಅಂಗಿಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. "ಮಧ್ಯಾಹ್ನ ಊಟಕ್ಕೆ ಬತ್ತೀನಿ, ಎಂತ ಮಾಡ್ತೀರಿ?" ಎಂದ.

"ಮನೇಲಿ ಎಂತ ಐತಾ... ಹುರುಳಿ ಸಾರು ಮಾಡ್ತೀನಿ" ಎಂದಳು ಅವಳು. ಅಷ್ಟು ಹೇಳುವುದರೊಳಗೆ ಸೆರಗು ಬಾಯಿಗೆ ಹೋಗಿತ್ತು.

ಆಚೆ ದಂಡೆಯಲ್ಲಿ ಇಳಿದು, ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ ಸಾಹೇಬರಿಗೆ ಫೋನು ಮಾಡಿದೆ. ಕಂಡದ್ದನ್ನು ಹೇಳಿದೆ.

"ಕುಡುದ್ನಾ?" ಎಂದರು.

"ಕುಡಿದ ಸರ್."

"ಎಲ್ಲಾರ ಮುಂದ?"

"ಎಲ್ಲಾರ ಮುಂದೆ ಸರ್."